ಮೂವತ್ತಾರು ಗಂಟೆಯ ದಿನ

ನಮ್ಮ ಹೊಸದುರ್ಗದ ಕಡೆ "ದಾವಣಗೆರೆಗೆ ಬರೆದುಕೊಟ್ಟರಂತೆ" ಎಂದರೆ ಸಾಕು, ಮುಂದೆ ಯಾರೂ ಏನೂ ಕೇಳುವುದಿಲ್ಲ. ಮತ್ತೋಡಿನಲ್ಲೋ ಶ್ರೀರಾಂಪುರದಲ್ಲೋ ಯಾರಿಗೋ ನಡುರಾತ್ರಿ ಎದೆನೋವು ಬಂದಿದೆ. ಇಲ್ಲವೇ ತೋಟಕ್ಕೆ ನೀರು ಹಾಯಿಸಲು ಹೋದವರಿಗೆ ಹಾವು ಕಚ್ಚಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೈಲಾದದ್ದು ಮಾಡಿ, ಒಂದು ಚೀಟಿ ಬರೆದು ಕೊಟ್ಟಿದ್ದಾರೆ. ಆಂಬುಲೆನ್ಸ್ ಹೊಳಲ್ಕೆರೆ ದಾಟಿ ಚಿತ್ರದುರ್ಗಕ್ಕೋ, ಅಲ್ಲಿಂದಾಚೆ ದಾವಣಗೆರೆಗೋ ಓಡುತ್ತಿದೆ. ಮನೆಯವರು ಯಾರ್‍ಯಾರಿಗೋ ಫೋನು ಮಾಡಿ ದುಡ್ಡು ಹೊಂದಿಸುತ್ತ, ದೇವರಿಗೆ ಹರಕೆ ಹೊರುತ್ತ ಹಿಂದಿನ ಗಾಡಿಯಲ್ಲಿ ಬರುತ್ತಿದ್ದಾರೆ.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಆ ಚೀಟಿ ಇಸಿದುಕೊಳ್ಳುವುದು ಸಾಮಾನ್ಯವಾಗಿ ಇಪ್ಪತ್ತೈದು, ಇಪ್ಪತ್ತೆಂಟರ ಹುಡುಗನೋ ಹುಡುಗಿಯೋ. ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿರುವವರು, ಇಲ್ಲವೇ ಎಂ.ಡಿ., ಎಂ.ಎಸ್. ಓದುತ್ತಿರುವ ಪಿ.ಜಿ.ಗಳು. ರಕ್ತ ತೆಗೆಯುವವರು ಅವರು, ಡ್ರಿಪ್ ಹಾಕುವವರು ಅವರು, ಕೇಸ್ ಶೀಟ್ ಬರೆಯುವವರು, ಬ್ಲಡ್ ಬ್ಯಾಂಕಿಗೆ ಓಡುವವರು, ಮನೆಯವರ ಸಿಟ್ಟನ್ನು ಮೊದಲು ಎದುರಿಸುವವರೂ ಅವರೇ. ನಾವು ಅವರನ್ನು ನೂರು ಪ್ರಶ್ನೆ ಕೇಳುತ್ತೇವೆ. ನೀವು ಕೊನೆಯ ಸಲ ಮಲಗಿದ್ದು ಯಾವಾಗ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಸಿಗುವ ಉತ್ತರದ ಹಿಂದೆ ನೂರಮೂವತ್ತು ವರ್ಷಗಳ ಕಥೆ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ದಾವಣಗೆರೆಯಲ್ಲೇ.

'ಹೌಸ್ ಸರ್ಜನ್' ಎಂಬ ಹೆಸರು ನಮ್ಮ ಹಳ್ಳಿಗಳಲ್ಲೂ ಬಳಕೆಯಲ್ಲಿದೆ. ಹೌಸ್ ಎಂದರೆ ಇಲ್ಲಿ ಆಸ್ಪತ್ರೆಯೇ. ಅಲ್ಲೇ ಉಂಡು, ಅಲ್ಲೇ ಮಲಗಿ, ಕರೆದಾಗ ಎದ್ದು ಬರುವವನು ಎಂದರ್ಥ. 'ರೆಸಿಡೆಂಟ್' ಎಂಬ ಮಾತೂ ಹಾಗೆಯೇ: ಆಸ್ಪತ್ರೆಯ ನಿವಾಸಿ. ಇವತ್ತು ಪಿ.ಜಿ. ತರಬೇತಿ ಎಂದು ನಾವು ಕರೆಯುವ ಪದ್ಧತಿ ಬೇರು ಬಿಟ್ಟದ್ದು 1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ವಿಲಿಯಂ ಹಾಲ್‌ಸ್ಟೆಡ್ ಮಹಾ ಪ್ರತಿಭಾವಂತ. ಕಲಿಯುವವನು ಆಸ್ಪತ್ರೆಯಲ್ಲೇ ವಾಸಿಸಬೇಕು, ಹಗಲಿರುಳೂ ಕೈಗೆ ಸಿಗಬೇಕು, ಮದುವೆ ಮಕ್ಕಳು ಎಂಬ ಗೊಡವೆ ಇಟ್ಟುಕೊಳ್ಳಬಾರದು ಎಂಬುದು ಅಲ್ಲಿನ ಶಿಸ್ತು. ಅದೇ ಹಾಲ್‌ಸ್ಟೆಡ್ ಕೊಕೇನನ್ನು ಅರಿವಳಿಕೆಯಾಗಿ ಬಳಸುವ ಪ್ರಯೋಗವನ್ನು ತನ್ನ ಮೈಮೇಲೆಯೇ ಮಾಡಿಕೊಂಡು ಅದರ ಚಟಕ್ಕೆ ಸಿಕ್ಕಿದ್ದರು. ಆಮೇಲೆ ಬದುಕಿನುದ್ದಕ್ಕೂ ಮಾರ್ಫಿನ್ ಅವರನ್ನು ಬಿಡಲಿಲ್ಲ. ಸಹೋದ್ಯೋಗಿ ವಿಲಿಯಂ ಓಸ್ಲರ್ ಬರೆದಿಟ್ಟಿದ್ದ ಗುಪ್ತ ಟಿಪ್ಪಣಿ 1969ರಲ್ಲಿ ಬೆಳಕಿಗೆ ಬಂದ ಮೇಲೆ ಇದು ಜಗಜ್ಜಾಹೀರಾಯಿತು. ಹಾಲ್‌ಸ್ಟೆಡ್ಡರ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಆದರೆ ನಿದ್ದೆಗೆಡುವುದನ್ನೇ ವೈದ್ಯನ ಸತ್ವಪರೀಕ್ಷೆ ಎಂದುಕೊಂಡ ಪದ್ಧತಿಯೊಂದು ಇಂಥ ಮನುಷ್ಯನ ನೆರಳಲ್ಲಿ ಬೆಳೆಯಿತೆಂಬುದನ್ನು ಮರೆಯಬಾರದು.

ಆ ಪದ್ಧತಿ ಬಗೆಬಗೆಯ ರೂಪದಲ್ಲಿ ಜಗತ್ತಿಗೆಲ್ಲ ಹಬ್ಬಿತು. ಮೈಸೂರು ಸಂಸ್ಥಾನದಲ್ಲಿ 1924ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 1953ರಲ್ಲಿ ಮಣಿಪಾಲ, 1955ರಲ್ಲಿ ಬೆಂಗಳೂರು ಸೇರಿದವು. ನಮ್ಮ ಸೀಮೆಯ ಸರದಿ ಬಂದದ್ದು 1965ರಲ್ಲಿ, ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮೂಲಕ. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯದೇ ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಕಾಲೇಜು ಹೊತ್ತಿರುವುದು ಚಿತ್ರದುರ್ಗದ ಮುರುಘಾಮಠದ ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರನ್ನು. ಕಟ್ಟಿದ್ದು 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ. ಕಾಲೇಜು ತೆರೆದಾಗ ಮುಖ್ಯಮಂತ್ರಿಯಾಗಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಬೆಂಗಳೂರು, ಮೈಸೂರು ಎಂದು ಅಲೆಯುತ್ತಿದ್ದ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಯ ಜನಕ್ಕೆ ಜಿಲ್ಲೆಯೊಳಗೇ ದೊಡ್ಡ ವೈದ್ಯ ಸಿಗುವಂತಾಯಿತು.

ಕಾಲೇಜು ಖಾಸಗಿ. ಆದರೆ ಹುಡುಗರು ಕೆಲಸ ಕಲಿಯುತ್ತಿದ್ದ ಮುಖ್ಯ ಜಾಗ ಸರ್ಕಾರದ ಚಿಗಟೇರಿ ಆಸ್ಪತ್ರೆ. ಈ ಹೊಂದಾಣಿಕೆಯಿಂದ ಎರಡೂ ಕಡೆ ಅನುಕೂಲವಿತ್ತು. ಕಾಲೇಜಿಗೆ ಕಲಿಸಲು ರೋಗಿಗಳು ಸಿಕ್ಕರು. ಸರ್ಕಾರಕ್ಕೆ, ತಾನು ನೇಮಿಸಿಕೊಳ್ಳದ ನೂರಾರು ಜೊತೆ ಕೈಗಳು ಸಿಕ್ಕವು. ಕರ್ನಾಟಕದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಕಥೆಯೂ ಇದೇ. ಬೋಧನಾ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ವಾರ್ಡ್ ನಡೆಸುವವರು ಕಲಿಯಲು ಬಂದವರು. ಅವರನ್ನು ತೆಗೆದುಬಿಟ್ಟರೆ ಬೆಳಗಿನ ತನಕ ಆಸ್ಪತ್ರೆ ನಡೆಯುವುದಿಲ್ಲ.

ಡ್ಯೂಟಿಯ ಲೆಕ್ಕ ಹೀಗಿರುತ್ತದೆ. ಪ್ರತಿ ವಿಭಾಗದಲ್ಲೂ ಹಲವು ಯೂನಿಟ್‌ಗಳು. ಒಂದೊಂದು ಯೂನಿಟ್‌ಗೂ ವಾರದಲ್ಲಿ ಇಂತಿಷ್ಟು ಅಡ್ಮಿಷನ್ ದಿನ. ಆ ದಿನ ಬೆಳಿಗ್ಗೆ ಎಂಟಕ್ಕೆ ಹೊರರೋಗಿ ವಿಭಾಗದಲ್ಲಿ ಕೂತ ಪಿ.ಜಿ., ಮಧ್ಯಾಹ್ನ ವಾರ್ಡ್ ನೋಡಿ, ಸಂಜೆಯಿಂದ ಕ್ಯಾಷುಯಲ್ಟಿ ಹಿಡಿದು, ರಾತ್ರಿಯಿಡೀ ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕು. ಬೆಳಗಾದರೆ ಮನೆಗೆ ಹೋಗುವಂತಿಲ್ಲ. ರಾತ್ರಿ ಸೇರಿಸಿಕೊಂಡವರ ವಿವರವನ್ನು ರೌಂಡ್ಸ್‌ಗೆ ಬರುವ ಪ್ರೊಫೆಸರ್ ಮುಂದೆ ಒಪ್ಪಿಸಬೇಕು, ಬರೆದ ಪರೀಕ್ಷೆಗಳ ರಿಪೋರ್ಟ್ ತರಿಸಬೇಕು, ಆಪರೇಷನ್ ಥಿಯೇಟರಿಗೆ ನಿಲ್ಲಬೇಕು. ಹಾಸ್ಟೆಲ್ ಮುಟ್ಟುವಾಗ ಎರಡನೆಯ ದಿನದ ರಾತ್ರಿ ಎಂಟು. ಒಟ್ಟು ಮೂವತ್ತಾರು ಗಂಟೆ. ಆಮೇಲೆ ಡಿಸರ್ಟೇಷನ್, ಸೆಮಿನಾರು. ಪ್ರೊಫೆಸರ್ ಸೀನಿಯರಿಗೆ ಹೇಳುತ್ತಾರೆ, ಸೀನಿಯರ್ ಜೂನಿಯರಿಗೆ, ಜೂನಿಯರ್ ಹೌಸ್ ಸರ್ಜನ್‌ಗೆ. ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗುತ್ತದೆ, ಕೆಳಗಿನಿಂದ ಮೇಲಕ್ಕೆ ದೂರು ಹತ್ತುವುದಿಲ್ಲ. ಪರೀಕ್ಷೆಗೆ ಕೂರಿಸಬೇಕಾದವರು, ಥೀಸಿಸ್‌ಗೆ ಸಹಿ ಹಾಕಬೇಕಾದವರು ಮೇಲಿನವರೇ.

ಹೀಗೆ ಬಸವಳಿದು ಹೋಗುವುದಕ್ಕೆ ಬಹಳ ಕಾಲ ಹೆಸರೇ ಇರಲಿಲ್ಲ. 1974ರಲ್ಲಿ ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಒಂದು ಲೇಖನ ಬರೆದರು. ಹಗಲು ತಮ್ಮ ಕ್ಲಿನಿಕ್ ಮುಗಿಸಿ, ರಾತ್ರಿ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರು ಅವರು. ಬಹಳ ಆಸ್ಥೆಯಿಂದ ಬಂದ ಸ್ವಯಂಸೇವಕರೇ ಕೆಲವು ತಿಂಗಳಲ್ಲಿ ಸಿಡುಕರಾಗಿ, ನಿರ್ಲಿಪ್ತರಾಗಿ, ಮೈಯಲ್ಲಿ ಶಕ್ತಿಯೇ ಇಲ್ಲದವರಂತಾಗುವುದನ್ನು ನೋಡಿ ಅದಕ್ಕೆ 'ಬರ್ನ್‌ಔಟ್' ಎಂದರು. ಎಣ್ಣೆ ತೀರಿದ ಮೇಲೆ ದೀಪದಲ್ಲಿ ಬತ್ತಿಯೇ ಉರಿಯುತ್ತದಲ್ಲ, ಆ ಸ್ಥಿತಿ. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅವರು ಗುರುತಿಸಿದ ಲಕ್ಷಣ ಮೂರು: ಮನಸ್ಸು ಪೂರಾ ಬರಿದಾಗುವುದು, ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣದೆ ಬರೀ ಹಾಸಿಗೆ ನಂಬರಾಗುವುದು, ನಾನು ಮಾಡುತ್ತಿರುವುದರಿಂದ ಏನೂ ಆಗುತ್ತಿಲ್ಲ ಎನಿಸುವುದು. ಎರಡನೆಯದನ್ನು ಓದುವಾಗ ನನಗೆ ಆಸ್ಪತ್ರೆಯ ಕಿಟಕಿಯಾಚೆಯಿಂದ ನಮ್ಮ ಮೇಲೆ ರೇಗಿದ ಎಷ್ಟೋ ಎಳೆಯ ಮುಖಗಳು ನೆನಪಾಗುತ್ತವೆ. ಅದನ್ನು ಅಹಂಕಾರವೆಂದು ತಿಳಿದು ಮನೆಗೆ ಬಂದು ಬೈದದ್ದೂ ನೆನಪಾಗುತ್ತದೆ.

ಹೆಸರಿಟ್ಟ ಹತ್ತು ವರ್ಷಕ್ಕೆ, 1984ರ ಮಾರ್ಚ್ 4ರ ರಾತ್ರಿ, ಲಿಬ್ಬಿ ಜಯಾನ್ ಎಂಬ ಹದಿನೆಂಟರ ಕಾಲೇಜು ಹುಡುಗಿ ಜ್ವರ, ನಡುಕ ಎಂದು ನ್ಯೂಯಾರ್ಕ್ ಆಸ್ಪತ್ರೆ ಸೇರಿದಳು. ಬೆಳಗಾಗುವುದರೊಳಗೆ ತೀರಿಕೊಂಡಳು. ಅವಳನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು ತರಬೇತಿ ವೈದ್ಯರು. ಅವರಲ್ಲಿ ಕಿರಿಯ ಇಂಟರ್ನ್ ಮೇಲೆ ಆ ರಾತ್ರಿ ಸುಮಾರು ನಲವತ್ತು ರೋಗಿಗಳ ಹೊಣೆ. ಲಿಬ್ಬಿ ಮೊದಲೇ ತೆಗೆದುಕೊಳ್ಳುತ್ತಿದ್ದ ಖಿನ್ನತೆಯ ಮಾತ್ರೆಗೂ ಆಸ್ಪತ್ರೆಯಲ್ಲಿ ಕೊಟ್ಟ ಪೆಥಿಡಿನ್ ಜಾತಿಯ ಚುಚ್ಚುಮದ್ದಿಗೂ ಹೊಂದಿಕೆಯಾಗುವುದಿಲ್ಲ. ತಂದೆ ಸಿಡ್ನಿ ಜಯಾನ್ ವಕೀಲ, ಪತ್ರಕರ್ತ. ನನ್ನ ಮಗಳನ್ನು ಕೊಂದದ್ದು ಆ ಇಬ್ಬರು ಎಳೆಯರಿಗಿಂತ ಹೆಚ್ಚಾಗಿ ಅವರನ್ನು ನಿದ್ದೆಯಿಲ್ಲದೆ ದುಡಿಸಿದ ವ್ಯವಸ್ಥೆ ಎಂಬ ವಾದ ಹಿಡಿದು ಅವರು ವರ್ಷಗಟ್ಟಲೆ ಹೋರಾಡಿದರು.

ಈ ಸಾವಿನ ಬಗ್ಗೆ ಜಗಳ ಇನ್ನೂ ತೀರಿಲ್ಲ. 1995ರಲ್ಲಿ ಸಿವಿಲ್ ದಾವೆಯ ತೀರ್ಪು ಬಂದಾಗ, ಹುಡುಗಿ ಕೊಕೇನ್ ಸೇವನೆಯ ವಿಷಯ ಮುಚ್ಚಿಟ್ಟಳೆಂದು ಜೂರಿ ಅರ್ಧ ತಪ್ಪನ್ನು ಅವಳ ಮೇಲೇ ಹೊರಿಸಿತು. ಆದರೆ ಅಷ್ಟು ಹೊತ್ತಿಗೆ ಕಾನೂನು ಬದಲಾಗಿತ್ತು. ಗ್ರ್ಯಾಂಡ್ ಜೂರಿ ಯಾವ ವೈದ್ಯರ ಮೇಲೂ ಕ್ರಿಮಿನಲ್ ಆರೋಪ ಹೊರಿಸದೆ ತರಬೇತಿ ಪದ್ಧತಿಯನ್ನೇ ಟೀಕಿಸಿತ್ತು. ಡಾ. ಬರ್ಟ್ರಂಡ್ ಬೆಲ್ ಅಧ್ಯಕ್ಷತೆಯ ಸಮಿತಿ ಕೂತು, 1989ರಲ್ಲಿ ನ್ಯೂಯಾರ್ಕ್ ರಾಜ್ಯ ನಿಯಮ ಮಾಡಿತು: ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ, ಅದಕ್ಕಿಂತ ಹೆಚ್ಚು ದುಡಿಸುವಂತಿಲ್ಲ. 2003ರಲ್ಲಿ ವಾರದ 80 ಗಂಟೆಯ ಮಿತಿ ಅಮೆರಿಕದ ತರಬೇತಿಗೆಲ್ಲ ಅನ್ವಯವಾಯಿತು. ಯುರೋಪು ಇನ್ನೂ ಮುಂದೆ ಹೋಯಿತು. ಬ್ರಿಟನ್ನಿನ ತರಬೇತಿ ವೈದ್ಯರಿಗೆ 2009ರಿಂದ ವಾರಕ್ಕೆ 48 ಗಂಟೆ.

ಗಂಟೆ ಕಡಿಮೆ ಮಾಡಿದರೆ ರೋಗಿ ಉಳಿಯುತ್ತಾನೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 2004ರ ಹಾರ್ವರ್ಡ್ ಅಧ್ಯಯನವೊಂದು ಹಳೆಯ ಪಾಳಿಯಲ್ಲಿ ದುಡಿದ ಇಂಟರ್ನ್‌ಗಳು ಶೇ. 36ರಷ್ಟು ಹೆಚ್ಚು ಗಂಭೀರ ತಪ್ಪು ಮಾಡಿದರೆಂದು ತೋರಿಸಿತು. 2016ರ ಆಚೀಚೆ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ ಉದ್ದನೆಯ ಪಾಳಿಗೂ ಗಿಡ್ಡ ಪಾಳಿಗೂ ರೋಗಿಗಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಾಳಿ ಪದೇಪದೇ ಬದಲಾದರೆ ಒಬ್ಬರಿಂದ ಒಬ್ಬರಿಗೆ ಮಾಹಿತಿ ದಾಟುವಾಗ ಸೋರಿಹೋಗುತ್ತದೆ ಎಂಬ ಹಿರಿಯ ಶಸ್ತ್ರವೈದ್ಯರ ಆತಂಕದಲ್ಲೂ ಹುರುಳಿದೆ. ಆದರೆ ಆ ಪ್ರಯೋಗಗಳೆಲ್ಲ ನಡೆದದ್ದು ವಾರಕ್ಕೆ 80 ಗಂಟೆಯ ಗೆರೆಯೊಳಗೆ ಎಂಬುದನ್ನು ನಮ್ಮಲ್ಲಿ ಅವುಗಳನ್ನು ಉದಾಹರಿಸುವವರು ಹೇಳುವುದಿಲ್ಲ. ನೂರು ಗಂಟೆ ದುಡಿದವರ ಬಗ್ಗೆ ಅವು ಏನೂ ಹೇಳುವುದಿಲ್ಲ. ಹದಿನೇಳು ಗಂಟೆ ಎಚ್ಚರವಿದ್ದವನ ಕೈ, ಕಣ್ಣು ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇದ್ದವನಂತೆ ತಡವರಿಸುತ್ತವೆ ಎಂದು 1997ರಲ್ಲೇ ತೋರಿಸಲಾಗಿತ್ತು. ಅಷ್ಟು ಕುಡಿದವನ ಕೈಗೆ ನಾವು ಬಸ್ಸಿನ ಸ್ಟೇರಿಂಗ್ ಕೊಡುವುದಿಲ್ಲ.

ಭಾರತದಲ್ಲಿ ಇದಕ್ಕೆ ನಿಯಮವೇ ಇರಲಿಲ್ಲವೆಂದು ತಿಳಿಯುವವರಿದ್ದಾರೆ. ಇತ್ತು, ಇದೆ. 1987ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಒಂದೇ ಬಗೆಯ ರೆಸಿಡೆನ್ಸಿ ಪದ್ಧತಿ ಬರಬೇಕೆಂದಿತು. ಅದನ್ನನುಸರಿಸಿ 1992ರ ಜೂನ್ 5ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಆದೇಶದಲ್ಲಿ ಎರಡು ಅಂಕಿಗಳಿವೆ: ಒಂದೇ ಸಮನೆಯ ಕೆಲಸ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ. ಬ್ರಿಟನ್ 2009ರಲ್ಲಿ ಜಾರಿಗೆ ತಂದ ಅಂಕಿಯನ್ನು ನಾವು ಹದಿನೇಳು ವರ್ಷ ಮೊದಲೇ ಬರೆದುಕೊಂಡಿದ್ದೆವು.

ಅದು ಏಕೆ ಜಾರಿಗೆ ಬರಲಿಲ್ಲ? ಆದೇಶದ ಒಳಗೇ ಒಂದು ಸಣ್ಣ ಪದವಿತ್ತು. ಹನ್ನೆರಡು ಗಂಟೆ ಮೀರಬಾರದು, 'ಸಾಮಾನ್ಯವಾಗಿ'. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾದ ದಿನ ಯಾವುದಿದೆ? ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 48 ಗಂಟೆಗೆ ನಿಲ್ಲಿಸಬೇಕಾದರೆ ಉಳಿದ ಗಂಟೆಗಳಿಗೆ ಬೇರೆ ವೈದ್ಯರನ್ನು ನೇಮಿಸಬೇಕು, ಅವರಿಗೆ ಪೂರಾ ಸಂಬಳ ಕೊಡಬೇಕು. ಗಂಟೆ ಎಣಿಸಲು ಶುರುಮಾಡಿದ ದಿನವೇ ಖಾಲಿ ಹುದ್ದೆಗಳ ಲೆಕ್ಕವೂ ಬಯಲಿಗೆ ಬೀಳುತ್ತದೆ. ಆದ್ದರಿಂದ ಎಣಿಸುವ ಕೆಲಸವನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಪಿ.ಜಿ. ನೌಕರನಲ್ಲ, ವಿದ್ಯಾರ್ಥಿ, ಕಲಿಯುವವನಿಗೆ ಗಂಟೆಯ ಲೆಕ್ಕವೇಕೆ ಎಂಬ ಉತ್ತರ ಸದಾ ಸಿದ್ಧವಿತ್ತು. ದುಡಿಯುವಾಗ ಡಾಕ್ಟರು, ಕೇಳುವಾಗ ವಿದ್ಯಾರ್ಥಿ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಗಂಟು ಇಲ್ಲಿದೆ. ಅದು ಎಲ್ಲರ ಕಣ್ಣೆದುರು ಬಿಚ್ಚಿಕೊಂಡದ್ದು 2020ರಲ್ಲಿ.

ಆ ವರ್ಷ ಮಾರ್ಚ್ 8ರಂದು ಬೆಂಗಳೂರಿನಲ್ಲಿ ರಾಜ್ಯದ ಮೊದಲ ಕೋವಿಡ್ ಪ್ರಕರಣ ಪತ್ತೆಯಾಯಿತು. ಅದೇ ವಾರ ಕಲಬುರಗಿಯಲ್ಲಿ ದೇಶದ ಮೊದಲ ಸಾವು. ಲಾಕ್‌ಡೌನ್ ಬಂತು. ಜನ ತಟ್ಟೆ ಬಡಿದು, ದೀಪ ಹಚ್ಚಿ ವೈದ್ಯರಿಗೆ ವಂದಿಸಿದರು. ಪಿ.ಪಿ.ಇ. ಕಿಟ್ಟಿನೊಳಗೆ ಗಂಟೆಗಟ್ಟಲೆ ನೀರು ಕುಡಿಯದೆ, ಶೌಚಕ್ಕೂ ಹೋಗದೆ ಬೆವರಿನಲ್ಲಿ ತೊಯ್ದು ಕೆಲಸ ಮಾಡುತ್ತಿದ್ದವರಲ್ಲಿ ಬಹುಪಾಲು ಪಿ.ಜಿ.ಗಳು, ಹೌಸ್ ಸರ್ಜನ್‌ಗಳು. ದಾವಣಗೆರೆಯಲ್ಲಿ ಹಾಗೆ ದುಡಿಯುತ್ತಿದ್ದವರಲ್ಲಿ ಸರ್ಕಾರಿ ಕೋಟಾದಡಿ ಜೆ.ಜೆ.ಎಂ. ಸೇರಿದ್ದ ಸುಮಾರು 230 ಮಂದಿ ಇದ್ದರು. ಅವರ ಕೈಗೆ ಹದಿನಾರು ತಿಂಗಳಿಂದ ಶಿಷ್ಯವೇತನ ಬಂದಿರಲಿಲ್ಲ.

ಏಕೆ ಬಂದಿರಲಿಲ್ಲ ಎಂಬುದಕ್ಕೆ 1965ರ ಆ ಹೊಂದಾಣಿಕೆಯತ್ತಲೇ ತಿರುಗಬೇಕು. ಹುಡುಗರು ಓದುವುದು ಖಾಸಗಿ ಕಾಲೇಜಿನಲ್ಲಿ, ದುಡಿಯುವುದು ಸರ್ಕಾರಿ ಆಸ್ಪತ್ರೆಯಲ್ಲಿ. ಮೊದಲು ಸರ್ಕಾರ ಕೊಡುತ್ತಿತ್ತು. ಆಮೇಲೆ, ಖಾಸಗಿ ಕಾಲೇಜಿನವರಿಗೆ ಕಾಲೇಜೇ ಕೊಡಬೇಕು ಎಂದಿತು. ನಮ್ಮ ವಿದ್ಯಾರ್ಥಿಗಳ ದುಡಿಮೆ ಪಡೆಯುವುದು ಸರ್ಕಾರ, ಅದೇ ಕೊಡಬೇಕು ಎಂಬುದು ಕಾಲೇಜಿನ ನಿಲುವು. ಕಡತ ಅತ್ತಿತ್ತ ಓಡಾಡಿತು. ಎರಡೂ ಕಡೆಯವರ ಮಾತಿನಲ್ಲಿ ಅವರವರ ಮಟ್ಟಿಗೆ ತರ್ಕವಿತ್ತು, ಅದೇ ಇಲ್ಲಿನ ಕಷ್ಟ. ನಡುವೆ ನಿಂತವರು ಮಾತ್ರ ಹಾಸ್ಟೆಲ್ ಮೆಸ್ಸಿಗೆ ಮನೆಯಿಂದ ಹಣ ತರಿಸಿಕೊಳ್ಳುತ್ತಿದ್ದರು. ಹಲವರು ಮದುವೆಯಾದವರು, ಓದಿಗೆ ಸಾಲ ಮಾಡಿದವರು, ಮೂವತ್ತರ ಹತ್ತಿರ ಬಂದವರು. ತಂದೆಯ ಮುಂದೆ ಕೈಚಾಚುವುದು ಆ ವಯಸ್ಸಿನಲ್ಲಿ ಸುಲಭವಲ್ಲ.

ಜೂನ್ ಕೊನೆಗೆ ಅವರು ಬೀದಿಗಿಳಿದರು. ದಾವಣಗೆರೆಯ ಜಯದೇವ ವೃತ್ತದಲ್ಲಿ ಬಿಳಿ ಕೋಟು ತೊಟ್ಟು, ಮಾಸ್ಕ್ ಕಟ್ಟಿ, ಅಂತರ ಬಿಟ್ಟು ಕೂತರು. ಯಾವ ಸ್ವಾಮಿಗಳ ಹೆಸರು ಕಾಲೇಜಿಗಿದೆಯೋ ಆ ಹೆಸರಿನದೇ ವೃತ್ತ. ದಿನಗಳು ಉರುಳಿ ಜುಲೈ ಬಂತು. ಸಾಂಕ್ರಾಮಿಕದ ನಡುವೆ ಮುಷ್ಕರವೇ ಎಂದು ಹುಬ್ಬೇರಿಸಿದವರಿದ್ದರು. ಹದಿನಾರು ತಿಂಗಳು ಸಂಬಳವಿಲ್ಲದೆ ನೀನು ಕೆಲಸಕ್ಕೆ ಹೋಗುತ್ತೀಯಾ ಎಂದು ಅಂಥವರನ್ನು ತಿರುಗಿ ಕೇಳಿದವರೂ ಇದ್ದರು. ಬೆಂಗಳೂರಿನ ತನಕ ಸುದ್ದಿಯಾಯಿತು. ವೈದ್ಯಕೀಯ ಶಿಕ್ಷಣ ಸಚಿವರಾಗಿದ್ದ ಡಾ. ಕೆ. ಸುಧಾಕರ್ ಸ್ವತಃ ವೈದ್ಯರು. ಕೊನೆಗೆ ಬಾಕಿ ಬಿಡುಗಡೆ ಮಾಡಲು ಸರ್ಕಾರ ಒಪ್ಪಿತು.

ಈ ಮುಷ್ಕರವನ್ನು ಪತ್ರಿಕೆಗಳು ಹಣದ ಜಗಳವಾಗಿ ಬರೆದವು. ಹಣದ್ದೇ ಹೌದು. ಆದರೆ ದಣಿವಿನ ಕಥೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ ಎಂದು ನಾನು ನಂಬುತ್ತೇನೆ. ಮನುಷ್ಯ ಕೆಲಸ ಹೆಚ್ಚಾದುದರಿಂದಷ್ಟೇ ಬೆಂದುಹೋಗುವುದಿಲ್ಲ. ಸುಗ್ಗಿಯಲ್ಲಿ ನಮ್ಮ ರೈತರು ಹಗಲಿರುಳು ದುಡಿಯುತ್ತಾರೆ, ಕಣದಲ್ಲಿ ರಾಶಿ ಕಂಡಾಗ ಆ ಆಯಾಸ ಇಳಿಯುತ್ತದೆ. ದುಡಿಮೆ ಯಾರ ಲೆಕ್ಕಕ್ಕೂ ಸೇರುತ್ತಿಲ್ಲ, ನಾನು ಯಾರಿಗೂ ಸಂಬಂಧಪಟ್ಟವನಲ್ಲ ಎಂದು ಗೊತ್ತಾದಾಗ ಒಳಗಿನಿಂದ ಏನೋ ಕಳಚಿಬೀಳುತ್ತದೆ. ಮಾಸ್ಲಾಕ್ ಹೇಳಿದ ಮೂರನೆಯ ಲಕ್ಷಣ ಅದೇ.

2021 ಇನ್ನೂ ಕಠಿಣವಾಯಿತು. ಪಿ.ಜಿ. ತರಬೇತಿ ಮೂರು ವರ್ಷ. ಯಾವಾಗಲೂ ಮೂರು ಬ್ಯಾಚ್ ಆಸ್ಪತ್ರೆಯಲ್ಲಿರುತ್ತವೆ, ಅತಿ ಹೆಚ್ಚು ಓಡಾಟ ಮೊದಲ ವರ್ಷದವರದು. ಆ ವರ್ಷ ಎರಡನೆಯ ಅಲೆಯ ನಡುವೆ, ಮೇ 3ರಂದು, ಹೊಸ ಬ್ಯಾಚನ್ನು ಆರಿಸುವ ನೀಟ್ ಪಿ.ಜಿ. ಪರೀಕ್ಷೆಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೂಡಲು ಕೇಂದ್ರ ತೀರ್ಮಾನಿಸಿತು. ಇರುವ ವೈದ್ಯರು ಓದಲು ಕೂರದೆ ಕೋವಿಡ್ ಕೆಲಸಕ್ಕೆ ಸಿಗಲಿ ಎಂಬುದು ಉದ್ದೇಶ. ಆ ಹೊತ್ತಿಗೆ ಅದು ಸರಿಯೂ ಹೌದು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಸತ್ತದ್ದು ಅದಕ್ಕೆ ಹಿಂದಿನ ರಾತ್ರಿ. ಪರೀಕ್ಷೆ ಸೆಪ್ಟೆಂಬರ್ 11ರಂದು ನಡೆಯಿತು. ಅಷ್ಟರಲ್ಲಿ ಮೀಸಲಾತಿಯ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿ, ಸೀಟು ಹಂಚುವ ಕೌನ್ಸೆಲಿಂಗ್ ನಿಂತಿತು. 2022ರ ಜನವರಿ 7ರಂದು ಕೋರ್ಟು ಒಪ್ಪಿಗೆ ಕೊಡುವ ತನಕ ಹೊಸ ಬ್ಯಾಚ್ ಬರಲೇ ಇಲ್ಲ. ದೇಶದ ಎಲ್ಲ ಬೋಧನಾ ಆಸ್ಪತ್ರೆಗಳೂ ಮೂರು ಬ್ಯಾಚಿನ ಕೆಲಸವನ್ನು ಎರಡರಿಂದ ಮಾಡಿಸಿಕೊಂಡವು. ಕರ್ನಾಟಕದಲ್ಲಿ ನವೆಂಬರ್ 29ರಿಂದ ನಿವಾಸಿ ವೈದ್ಯರ ಸಂಘ ಹೊರರೋಗಿ ಸೇವೆ ನಿಲ್ಲಿಸಿ, ಘೋಷಿಸಿಯೂ ಕೊಡದ ಕೋವಿಡ್ ಅಪಾಯ ಭತ್ಯೆ ಕೇಳಿತು. ದೆಹಲಿಯಲ್ಲಿ ಡಿಸೆಂಬರಿನ ಚಳಿಯಲ್ಲಿ ರೆಸಿಡೆಂಟ್‌ಗಳು ರಸ್ತೆಯಲ್ಲಿದ್ದರು. ಅವರು ಕೇಳುತ್ತಿದ್ದದ್ದು ಸಂಬಳವನ್ನಲ್ಲ, ಜೊತೆಗಾರರನ್ನು.

ಈ ವರ್ಷಗಳ ನಷ್ಟ ಎಷ್ಟು ಎಂಬುದು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೊಟ್ಟ ಉತ್ತರದಿಂದ ತಿಳಿಯಿತು. 2018ರಿಂದ 2022ರವರೆಗಿನ ಐದು ವರ್ಷಗಳಲ್ಲಿ 122 ವೈದ್ಯಕೀಯ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದರು. 64 ಮಂದಿ ಎಂ.ಬಿ.ಬಿ.ಎಸ್., 58 ಮಂದಿ ಪಿ.ಜಿ. ಅದೇ ಅವಧಿಯಲ್ಲಿ ಓದು ಬಿಟ್ಟುಹೋದವರು 1,270. ಅವರಲ್ಲಿ ಪಿ.ಜಿ.ಗಳೇ 1,117. ಪಿ.ಜಿ. ಸೀಟಿಗಾಗಿ ಈ ಮಕ್ಕಳು ಎರಡು ಮೂರು ವರ್ಷ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಾರೆ. ಬಿಟ್ಟುಹೋಗಬೇಕಾದರೆ ಎಷ್ಟೋ ರಾಜ್ಯಗಳಲ್ಲಿ ಲಕ್ಷಗಟ್ಟಲೆ ದಂಡ ಕಟ್ಟಬೇಕು. ಅಷ್ಟಾದರೂ ಸಾವಿರಕ್ಕೂ ಹೆಚ್ಚು ಜನ ಹೊರನಡೆದರು. ಸೀಟು ಬಿಡುವವರಿಗೆ ಹಾಕುವ ಈ ದಂಡವನ್ನು ಕೈಬಿಡಿ ಎಂದು ಆಯೋಗ ರಾಜ್ಯಗಳಿಗೆ ಬರೆದದ್ದು 2024ರ ಜನವರಿಯಲ್ಲಿ.

ಅದೇ ಸುಮಾರಿಗೆ ಪಿ.ಜಿ. ಶಿಕ್ಷಣದ ಹೊಸ ನಿಯಮಾವಳಿಯೂ ಬಂತು. ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಾಂದರ್ಭಿಕ ರಜೆ ಎಂದು ಅದರಲ್ಲಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪೂರ್ಣಾವಧಿ ನಿವಾಸಿ ವೈದ್ಯರಾಗಿ ದುಡಿಯಬೇಕು, ಕೆಲಸದ ಅವಧಿ 'ಸಮಂಜಸ'ವಾಗಿರಬೇಕು ಎಂದಿದೆ. ಒಂದೇ ವಾಕ್ಯದಲ್ಲಿ ಅವರು ವಿದ್ಯಾರ್ಥಿಗಳೂ ಹೌದು, ವೈದ್ಯರೂ ಹೌದು. 1992ರಲ್ಲಿದ್ದ ಅಂಕಿಯ ಜಾಗದಲ್ಲಿ ಈಗ ಒಂದು ವಿಶೇಷಣ ಬಂದು ಕೂತಿತ್ತು.

2024ರ ಆಗಸ್ಟ್ ತಿಂಗಳಲ್ಲಿ ಮೂರು ಎಳೆಗಳು ಒಟ್ಟಿಗೆ ಬಂದು ಸೇರಿದವು. 9ರ ಬೆಳಿಗ್ಗೆ ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ, ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ಒರಗಿದ್ದ ಪಿ.ಜಿ. ವಿದ್ಯಾರ್ಥಿನಿಯೊಬ್ಬರು ಅತ್ಯಾಚಾರಕ್ಕೀಡಾಗಿ ಕೊಲೆಯಾದದ್ದು ತಿಳಿಯಿತು. ದೇಶವೇ ತಲ್ಲಣಿಸಿತು. 12ರಂದು ಕರ್ನಾಟಕದ ನಿವಾಸಿ ವೈದ್ಯರು ಶಿಷ್ಯವೇತನ ಏರಿಕೆಗೆ ಮುಷ್ಕರ ಹೂಡಿದರು, ಕೋಲ್ಕತ್ತದ ಸಿಟ್ಟೂ ಅದರೊಳಗೆ ಬೆರೆಯಿತು; ಸರ್ಕಾರ ಶೇ. 25ರಷ್ಟು ಏರಿಸಿತು. 17ರಂದು ಭಾರತೀಯ ವೈದ್ಯಕೀಯ ಸಂಘದ ಕರೆಗೆ ದೇಶದುದ್ದಕ್ಕೂ ಆಸ್ಪತ್ರೆಗಳು ಹೊರರೋಗಿ ಸೇವೆ ನಿಲ್ಲಿಸಿದವು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 36 ಗಂಟೆಯ ಪಾಳಿ ಅಮಾನವೀಯ ಎಂಬ ಕಳವಳ ಮುಖ್ಯ ನ್ಯಾಯಮೂರ್ತಿಗಳ ಪೀಠದಿಂದಲೇ ಕೇಳಿಬಂತು. ಸೆಮಿನಾರ್ ಕೋಣೆಯಲ್ಲೇಕೆ ಮಲಗಿದ್ದರು ಎಂದು ಕೇಳಿದವರಿಗೆ, ಮಲಗಲು ಬೇರೆ ಕೋಣೆಯೇ ಇರುವುದಿಲ್ಲ ಎಂಬ ಸಂಗತಿ ಮೊದಲ ಬಾರಿ ತಿಳಿಯಿತು.

ಮೂರನೆಯ ಎಳೆ ಬಂದದ್ದು ಬೆಂಗಳೂರಿನಿಂದ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ಆಯೋಗ ನೇಮಿಸಿದ್ದ ಕಾರ್ಯಪಡೆಯ ವರದಿ ಅದೇ ತಿಂಗಳು ಹೊರಬಂತು. ಅದರ ಅಧ್ಯಕ್ಷರು ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ. 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು, 5,337 ಪಿ.ಜಿ.ಗಳು, 7,035 ಬೋಧಕರು ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ್ದರು. ತಾವಾಗಿಯೇ ಉತ್ತರಿಸಿದವರ ಮಾತಿದು, ಇಡೀ ದೇಶದ ಜನಗಣತಿಯಲ್ಲ. ಆದರೂ ಶೇ. 31ಕ್ಕೂ ಹೆಚ್ಚು ಪಿ.ಜಿ.ಗಳು ಬದುಕು ಬೇಡವೆನಿಸಿದ ಗಳಿಗೆಯ ಬಗ್ಗೆ ಹೇಳಿಕೊಂಡದ್ದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಶೇ. 45ರಷ್ಟು ಪಿ.ಜಿ.ಗಳು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ವಾರದ ರಜೆ ಸಿಗುತ್ತಿರಲಿಲ್ಲ. ಸಂಕಟದಲ್ಲಿರುವವರು ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡುವ ವ್ಯವಸ್ಥೆ ಬಳಕೆಯಾಗಲಿ ಎಂದು ಕಾರ್ಯಪಡೆ ಹೇಳಿತು. ಕೆಲಸಕ್ಕೆ ಒಂದು ಸ್ಪಷ್ಟ ಗೆರೆಯನ್ನೂ ಎಳೆಯಿತು: ವಾರಕ್ಕೊಂದು 24 ಗಂಟೆಯ ಡ್ಯೂಟಿ, ಐದು ದಿನ ಹತ್ತು ಹತ್ತು ಗಂಟೆ, ಒಂದು ದಿನ ರಜೆ. ಕೂಡಿದರೆ 74.

1992ರ 48 ಎಲ್ಲಿ, 2024ರ 74 ಎಲ್ಲಿ! ಮೊದಲು ಓದಿದಾಗ ನನಗೆ ಬೇಸರವಾಯಿತು. ಮತ್ತೆ ಯೋಚಿಸಿದಾಗ ಕಾರ್ಯಪಡೆಯವರ ಕಷ್ಟ ಅರ್ಥವಾಯಿತು. ಯಾರೂ ಪಾಲಿಸದ 48ಕ್ಕಿಂತ ನಿಜವಾಗಿ ಪಾಲಿಸಬಹುದಾದ 74 ಮೇಲು ಎಂದು ಅವರು ಲೆಕ್ಕ ಹಾಕಿರಬೇಕು. ಅಷ್ಟಕ್ಕೂ ಅದು ಶಿಫಾರಸು. ಅದರ ಮುಂದೆಯೂ ಅದೇ ಹಳೆಯ ಪ್ರಶ್ನೆ ನಿಂತಿದೆ: ಉಳಿದ ಗಂಟೆಗಳನ್ನು ಯಾರು ತುಂಬುತ್ತಾರೆ?

ಆ ಪ್ರಶ್ನೆಯ ಒಂದು ತುದಿ ನಮ್ಮ ತಾಲ್ಲೂಕಿನಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರೋ ಮಕ್ಕಳ ತಜ್ಞರೋ ಇಲ್ಲದ ರಾತ್ರಿಯೆಲ್ಲ ಇಲ್ಲಿಂದ ಚೀಟಿ ಹೊರಡುತ್ತದೆ, ಅಲ್ಲಿ ಒಬ್ಬ ಪಿ.ಜಿ.ಯ ನಿದ್ದೆ ಹೋಗುತ್ತದೆ. ಇದನ್ನು ಸರಿಪಡಿಸಲು ರಾಜ್ಯ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. 2015ರಲ್ಲಿ ಜಾರಿಗೂ ತಂದಿತು. ಕೇಂದ್ರ ಜಿಲ್ಲಾ ರೆಸಿಡೆನ್ಸಿ ಎಂಬ ಯೋಜನೆ ತಂದು, ಪ್ರತಿ ಪಿ.ಜಿ. ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದಿತು. ಎರಡರ ಉದ್ದೇಶವೂ ಒಳ್ಳೆಯದೇ. ಆದರೆ ಎರಡೂ ಕಲಿಯುವವರನ್ನೇ, ಈಗಷ್ಟೇ ಕಲಿತವರನ್ನೇ ಇನ್ನೊಂದು ಖಾಲಿ ಜಾಗಕ್ಕೆ ಸರಿಸುತ್ತವೆ. ತಜ್ಞರು ಬಂದು, ಮನೆ ಮಾಡಿಕೊಂಡು, ಮಕ್ಕಳನ್ನು ಇಲ್ಲಿನ ಶಾಲೆಗೇ ಸೇರಿಸಿ ಹತ್ತು ವರ್ಷ ಹೊಸದುರ್ಗದಲ್ಲಿ ನಿಲ್ಲುವಂತೆ ಮಾಡುವ ಕೆಲಸ ಹಾಗೇ ಉಳಿದಿದೆ.

2023ರಲ್ಲಿ ಚಿತ್ರದುರ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, 150 ಸೀಟುಗಳೊಂದಿಗೆ. ದಶಕಗಳಿಂದ ಕೇಳಿದ್ದು ಸಿಕ್ಕಿದ್ದಕ್ಕೆ ಜಿಲ್ಲೆಗೆ ಜಿಲ್ಲೆಯೇ ಸಂಭ್ರಮಿಸಿತು. ಆ ಮೊದಲ ತಂಡ ನಾಲ್ಕೂವರೆ ವರ್ಷದ ಓದು ಮುಗಿಸಿ 2028ರ ಹೊತ್ತಿಗೆ ಹೌಸ್ ಸರ್ಜನ್ ಆಗಿ ಜಿಲ್ಲಾಸ್ಪತ್ರೆಯ ಕ್ಯಾಷುಯಲ್ಟಿಗೆ ಇಳಿಯುತ್ತದೆ. ಹಿರಿಯೂರಿನ, ಹೊಳಲ್ಕೆರೆಯ, ಹೊಸದುರ್ಗದ ಮಕ್ಕಳೂ ಅದರಲ್ಲಿರುತ್ತಾರೆ. ಮತ್ತೋಡಿನಿಂದ ನಡುರಾತ್ರಿ ಹೊರಟ ಆಂಬುಲೆನ್ಸಿನ ಚೀಟಿಯನ್ನು ಅವರಲ್ಲೊಬ್ಬರು ಇಸಿದುಕೊಳ್ಳುತ್ತಾರೆ. ಅವರ ಡ್ಯೂಟಿ ಪಟ್ಟಿಯನ್ನು ಯಾರೋ ಒಬ್ಬರು ಒಂದು ದಿನ ಕೂತು ಬರೆಯಬೇಕು. ಬೆಳಿಗ್ಗೆ ಎಂಟು ಎಂದು ಬರೆದ ಮೇಲೆ, ಅದರ ಪಕ್ಕದ ಕಾಲಂನಲ್ಲಿ ಬಿಡುವ ಹೊತ್ತನ್ನೂ ಬರೆಯಬೇಕು.